ಮಾಡು ಸಾಕು, ಗೋಡೆ ಬೇಡ

ಗಾಲ್ವೇ, ಐರ್ಲೆಂಡ್
11 ಮೇ 2025, ಆದಿತ್ಯವಾರ

ಪ್ರೀತಿಯ ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ದಿನಾ ಫೋನಿನಲ್ಲಿ ಮಾತಾಡುತ್ತೇವೆ, ಆದರೂ ಈ ವಿಷಯ ಫೋನಿನಲ್ಲಿ ಮುಗಿಯುವಂಥದ್ದಲ್ಲ. "ಸರಿಯಾಗಿ ಬರೆದು ಕಳಿಸು, ಓದಿ ಯೋಚನೆ ಮಾಡುತ್ತೇನೆ" ಅಂತ ನೀವೂ ಹೇಳಿದ್ದಿರಿ. ತಮ್ಮನಿಗೆ ಅವಸರ. ಯಾವುದೋ ಕಂಪೆನಿಯವರು ಬಂದು ಗುಡ್ಡೆ ಬದಿಯ ಜಾಗ ನೋಡಿ, ಖರ್ಚಿನ ಪಟ್ಟಿ ಕೊಟ್ಟು ಹೋಗಿದ್ದಾರಂತೆ. ನಾಲ್ಕೂ ಕಡೆ ಮುಚ್ಚಿದ ಪಾಲಿಹೌಸ್, ಒಳಗೆ ಫ್ಯಾನು, ಮೇಲಿನಿಂದ ಸಣ್ಣಗೆ ನೀರು ಹಾರಿಸುವ ಪೈಪು. "ಅಕ್ಕ ಚಳಿ ದೇಶದಲ್ಲೇ ಪ್ಲಾಸ್ಟಿಕ್ ಒಳಗೆ ಟೊಮೆಟೊ ಬೆಳೆಯುತ್ತಾಳೆ, ನಮ್ಮ ಬಿಸಿಲಿಗೆ ಇನ್ನೆಷ್ಟು ಬಂದೀತು" ಅನ್ನುವುದು ಅವನ ಲೆಕ್ಕ. ನನ್ನ ಲೆಕ್ಕ ಅದಕ್ಕೆ ಪೂರ್ತಿ ಉಲ್ಟಾ. ಅದನ್ನೇ ಬರೆಯುತ್ತೇನೆ. ಸ್ವಲ್ಪ ಉದ್ದ ಆದೀತು, ಕನ್ನಡಕ ಹಾಕಿಕೊಂಡೇ ಕೂತುಕೊಳ್ಳಿ.

ಮೊದಲು ನಮ್ಮದು ಹೇಗಿದೆ ಅಂತ ಹೇಳುತ್ತೇನೆ. ಮನೆಯ ಹಿಂದೆ 14 ಅಡಿ ಅಗಲ, 25 ಅಡಿ ಉದ್ದದ ಜಾಗ. ಜಿ.ಐ. ಪೈಪುಗಳನ್ನು ಎತ್ತಿನಗಾಡಿಯ ಕಮಾನಿನ ಹಾಗೆ ಬಾಗಿಸಿ ಸಾಲಾಗಿ ನಿಲ್ಲಿಸಿದ್ದಾರೆ. ಮೇಲಿಂದ ಒಂದೇ ತುಂಡು ಪ್ಲಾಸ್ಟಿಕ್, ನೆಲದಿಂದ ನೆಲಕ್ಕೆ. ಅದರ ದಪ್ಪ 180 ಮೈಕ್ರಾನ್. ಬಿಸಿಲಿಗೆ ಬೇಗ ಪುಡಿಯಾಗಬಾರದು ಅಂತ ಯುವಿ ಮದ್ದು ಸೇರಿಸಿರುತ್ತಾರೆ. ಎರಡು ತುದಿಗೂ ಬಾಗಿಲು. ಫ್ಯಾನಿಲ್ಲ, ಹೀಟರಿಲ್ಲ, ಕರೆಂಟಿನ ಸಂಪರ್ಕವೇ ಇಲ್ಲ. ಇಲ್ಲಿ ಇದಕ್ಕೆ ಪಾಲಿಟನಲ್ ಅನ್ನುತ್ತಾರೆ. ಹಳ್ಳಿ ಕಡೆ ಹೋದರೆ ಎಷ್ಟೋ ಮನೆಗಳ ಹಿಂದೆ ಕಾಣಸಿಗುತ್ತದೆ. ನಮ್ಮ ಅಂಗಳದಲ್ಲಿ ಅಡಿಕೆ ಒಣಗಿಸಲು ಹಾಕಿದ ಸೋಲಾರ್ ಚಪ್ಪರ ಉಂಟಲ್ಲ, ಹೆಚ್ಚು ಕಡಿಮೆ ಅದೇ. ಅಂಥದ್ದೇ ಪೈಪು, ಅಂಥದ್ದೇ ಪ್ಲಾಸ್ಟಿಕ್. ಇದನ್ನು ನೆನಪಿಟ್ಟುಕೊಳ್ಳಿ ಅಪ್ಪ, ಮುಂದೆ ಬೇಕಾಗುತ್ತದೆ.

ಒಳಗೆ ಬಿಸಿ ಇರುತ್ತದೆ, ಅದಕ್ಕೇ ಬೆಳೆ ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಗಲು ಹೌದು. ಹೊರಗೆ 15 ಡಿಗ್ರಿ ಇರುವಾಗ ಬಿಸಿಲು ಬಿದ್ದರೆ ಒಳಗೆ 30 ಆಗುತ್ತದೆ. ಬಾಗಿಲು ತೆರೆಯದಿದ್ದರೆ ಅದೂ ದಾಟುತ್ತದೆ. ಆದರೆ ರಾತ್ರಿ ಈ ತೆಳ್ಳಗಿನ ಹಾಳೆ ಏನನ್ನೂ ಹಿಡಿದಿಡುವುದಿಲ್ಲ. ಹೊರಗೆ 3 ಡಿಗ್ರಿ ಇದ್ದರೆ ಒಳಗೆ 4, ಹೆಚ್ಚೆಂದರೆ 5. ಮೇ ತಿಂಗಳಲ್ಲೂ ನಾನು ರಾತ್ರಿ ಟೊಮೆಟೊ ಸಸಿಗಳಿಗೆ ತೆಳು ಬಿಳಿ ಬಟ್ಟೆ ಹೊದಿಸಿ ಬರುತ್ತೇನೆ. ಅಮ್ಮ ನಗಬಹುದು. ಮಗನಿಗೆ ಹೊದಿಸುವ ಮೊದಲು ಗಿಡಕ್ಕೆ ಹೊದಿಸುತ್ತೀಯಾ ಅಂತ ಇವರೂ ನಗುತ್ತಾರೆ.

ಇನ್ನು ಬೆಳಕು. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಒಂಬತ್ತು ಗಂಟೆ ಹತ್ತಿರ, ಸಂಜೆ ನಾಲ್ಕೂವರೆಯೊಳಗೆ ಮುಳುಗಿಯಾಯಿತು. ಜೂನಿನಲ್ಲಿ ರಾತ್ರಿ ಹತ್ತು ಕಳೆದ ಮೇಲೆ ಮುಳುಗುತ್ತದೆ. ನಾವಿರುವುದು 53ನೇ ಅಕ್ಷಾಂಶದಲ್ಲಿ, ನೀವು ಕಾಸರಗೋಡಿನಲ್ಲಿ, ಹನ್ನೆರಡೂವರೆಯಲ್ಲಿ. ಹಗಲು ಹತ್ತು ಗಂಟೆಗಿಂತ ಕಡಿಮೆಯಾದ ಮೇಲೆ ಗಿಡಗಳು ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಸುಮ್ನೆ ನಿಂತುಕೊಂಡಿರುತ್ತವೆ. ನವೆಂಬರಿನಿಂದ ಫೆಬ್ರವರಿ ಶುರುವಿನವರೆಗೆ ಪಾಲಕ್, ಕೊತ್ತಂಬರಿ ಎಲ್ಲ ಹೇಗಿತ್ತೋ ಹಾಗೇ. ಅದರಿಂದ ಅಕ್ಟೋಬರಿನೊಳಗೆ ಬೆಳೆಸಿಟ್ಟು, ಚಳಿಗಾಲವಿಡೀ ಸ್ವಲ್ಪ ಸ್ವಲ್ಪ ಕೊಯ್ದು ತಿನ್ನಬೇಕು. ನಿಮಗೆ ಬೆಳಕಿನ ಬಡತನ ಇಲ್ಲ, ಶಾಖದ ಬಡತನವಂತೂ ಇಲ್ಲವೇ ಇಲ್ಲ. ಹಾಗಿರುವಾಗ ಮುಚ್ಚಿದ ಮನೆ ಯಾಕೆ?

ನನ್ನ ಅನುಭವದಲ್ಲಿ ಈ ಪ್ಲಾಸ್ಟಿಕ್ ಮಾಡುವ ದೊಡ್ಡ ಕೆಲಸ ಬೇರೆಯೇ. ಎಲೆಯ ಮೇಲೆ ನೀರು ಬೀಳದಂತೆ ತಡೆಯುವುದು. ಅಷ್ಟೇ.

ಒಟ್ಟು ಮಳೆ ಲೆಕ್ಕ ಹಾಕಿದರೆ ನಮ್ಮ ಕಾಸರಗೋಡಿಗೆ ಬೀಳುವ ಸುಮಾರು 3500 ಮಿಲಿಮೀಟರಿನ ಮೂರನೇ ಒಂದು ಪಾಲು ಇಲ್ಲಿ ಬೀಳುತ್ತದೆ. ಆದರೆ ನಮ್ಮಲ್ಲಿ ಅದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಇಲ್ಲಿ ವರ್ಷವಿಡೀ ಜಿನುಗುತ್ತಿರುತ್ತದೆ. ಎಲೆ ಒಣಗಲು ಪುರುಸೊತ್ತೇ ಇಲ್ಲ. ಆಗ ಬರುವುದು ಬ್ಲೈಟ್, ಅಂದರೆ ಅಂಗಮಾರಿ. ಆಲೂಗಡ್ಡೆಗೂ ಟೊಮೆಟೊಗೂ ಒಂದೇ ರೋಗ. ಎಲೆಯ ಅಂಚಿನಲ್ಲಿ ಎಣ್ಣೆ ತಾಗಿದಂಥ ಕಂದು ಮಚ್ಚೆ ಕಾಣಿಸಿದರೆ ವಾರದೊಳಗೆ ಇಡೀ ಸಾಲು ಕಪ್ಪು. 1845ರಲ್ಲಿ ಈ ದೇಶಕ್ಕೆ ಬಂದದ್ದು ಇದೇ. ಬಡವರು ಆಲೂಗಡ್ಡೆಯೊಂದನ್ನೇ ನಂಬಿ ಬದುಕುತ್ತಿದ್ದರು. ವರ್ಷದ ಮೇಲೆ ವರ್ಷ ಗಡ್ಡೆ ನೆಲದಲ್ಲೇ ಕೊಳೆಯಿತು. ಹತ್ತು ಲಕ್ಷದಷ್ಟು ಜನ ಸತ್ತರು, ಅಷ್ಟೇ ಅಥವಾ ಇನ್ನೂ ಜಾಸ್ತಿ ಜನ ಊರು ಬಿಟ್ಟು ಹಡಗು ಹತ್ತಿದರು. ಇಲ್ಲಿಯವರು ಇವತ್ತಿಗೂ ಆ ಮಾತನ್ನು ಹಗುರವಾಗಿ ಆಡುವುದಿಲ್ಲ.

ಆ ರೋಗ ಯಾವ ಕುಲದ್ದು ಗೊತ್ತಾ ಅಪ್ಪ? ಫೈಟೋಫ್ಥೊರಾ. ನಮ್ಮ ಅಡಿಕೆಯ ಕೊಳೆರೋಗದ್ದೇ ಕುಲ. ಎರಡಕ್ಕೂ ಎಲೆಯ ಮೇಲೆ, ಕಾಯಿಯ ಮೇಲೆ ನೀರಿನ ಪಸೆ ಬೇಕು. ಆ ಪಸೆಯಲ್ಲೇ ಅದರ ಬೀಜಕಣ ಈಜಿಕೊಂಡು ಹೋಗಿ ಒಳಗೆ ಹೊಗುವುದು. ಪಕ್ಕದ ಮನೆಯ ಅಜ್ಜನ ಹತ್ತಿರ ನೀವು ಆಟಿ ತಿಂಗಳಲ್ಲಿ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಮದ್ದು ಬಿಡಿಸುವ ಕಥೆ ಹೇಳಿದೆ. ಅಡಿಕೆ ಮರದ ತುದಿಗೆ ಹತ್ತಿ ಮದ್ದು ಬಿಡುತ್ತಾರೆ ಅಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಆದರೆ ಮೈಲುತುತ್ತು ಅಂದದ್ದು ತಕ್ಷಣ ಗೊತ್ತಾಯಿತು. ಅವರ ಅಪ್ಪನೂ ಮೈಲುತುತ್ತನ್ನೇ ಕರಗಿಸಿ ಆಲೂಗಡ್ಡೆಗೆ ಹೊಡೆಯುತ್ತಿದ್ದರಂತೆ. ಸುಣ್ಣದ ಬದಲು ಬಟ್ಟೆ ಒಗೆಯುವ ಸೋಡಾ. ಪಾತ್ರೆ, ಕೈ, ಅಂಗಿ ಎಲ್ಲ ನೀಲಿ. ನಮ್ಮಲ್ಲಿಯೂ ಹಾಗೇ ಅಲ್ವಾ?

ಇಲ್ಲಿಯ ಹವಾಮಾನ ಇಲಾಖೆ ಈ ರೋಗಕ್ಕೆ ಅಂತಲೇ ಎಚ್ಚರಿಕೆ ಕೊಡುತ್ತದೆ. 1950ರ ದಶಕದಲ್ಲಿ ಅಲ್ಲಿಯೇ ಕೆಲಸಕ್ಕಿದ್ದ ಆಸ್ಟಿನ್ ಬರ್ಕ್ ಅನ್ನುವವರು ಹಾಕಿಕೊಟ್ಟ ಲೆಕ್ಕ. ಶಾಖ 10 ಡಿಗ್ರಿಗಿಂತ ಕಡಿಮೆಯಾಗದೆ, ಗಾಳಿಯ ತೇವ ಶೇಕಡಾ 90ರ ಮೇಲೆ 12 ಗಂಟೆ ನಿಂತರೆ ರೋಗ ಹುಟ್ಟಲು ಶುರು. ಕೊಳೆರೋಗಕ್ಕೂ ಇಂಥ ಒಂದು ಲೆಕ್ಕ ಕೈಯಲ್ಲಿದ್ದರೆ, ಮಳೆ ಬಿಡುವು ಕೊಡುತ್ತದೋ ಇಲ್ಲವೋ ಅಂತ ನೀವು ಆಕಾಶ ನೋಡುತ್ತಾ ಜಗಲಿಯಲ್ಲಿ ಕೂರುವುದು ಸ್ವಲ್ಪ ತಪ್ಪುತ್ತಿತ್ತೇನೋ.

ಹೊರಗೆ ನೆಟ್ಟ ಟೊಮೆಟೊ ಇಲ್ಲಿ ಆಗಸ್ಟಿನಲ್ಲಿ ಕರಟಿ ಹೋಗುತ್ತದೆ. ಒಳಗಿನದು ಅಕ್ಟೋಬರಿನವರೆಗೂ ಕಾಯಿ ಕೊಡುತ್ತದೆ. ಮದ್ದು ಒಂದು ಹನಿ ಇಲ್ಲ. ನಮ್ಮ ಅಜ್ಜನ ಕಾಲದಲ್ಲಿ ಅಡಿಕೆ ಗೊನೆಗೆ ಹೊದಿಕೆಯ ಹಾಗೆ ಕೊಟ್ಟೆ ಕಟ್ಟುತ್ತಿದ್ದದ್ದೂ ಇದಕ್ಕೇ ತಾನೆ? ಗೊನೆ ಬೆಚ್ಚಗಿರಲಿ ಅಂತ ಯಾರೂ ಕಟ್ಟಲಿಲ್ಲ, ಒದ್ದೆಯಾಗಬಾರದು ಅಂತ ಕಟ್ಟಿದರು.

ಇದಕ್ಕೆ ಈ ವರ್ಷ ಕಣ್ಣಾರೆ ಸಾಕ್ಷಿ ಸಿಕ್ಕಿತು. ಜನವರಿ 24ರ ಬಿರುಗಾಳಿಯ ವಿಷಯ ಆಗಲೇ ಹೇಳಿದ್ದೆ. ಇದೇ ಗಾಲ್ವೇ ಜಿಲ್ಲೆಯ ಮೇಸ್ ಹೆಡ್‌ನಲ್ಲಿ ಗಂಟೆಗೆ 180 ಕಿಲೋಮೀಟರಿಗಿಂತ ಜಾಸ್ತಿ ವೇಗ ದಾಖಲಾಯಿತು. 1945ರಿಂದ ನಿಂತಿದ್ದ ದಾಖಲೆ ಮುರಿಯಿತು. ನಮ್ಮ ಪ್ಲಾಸ್ಟಿಕ್ ಪೂರ್ತಿ ಹರಿದು ಹೋಯಿತು, ಒಂದು ತುಂಡು ಮೂರನೇ ಮನೆಯ ಬೇಲಿಯಲ್ಲಿ ಸಿಕ್ಕಿತು. ಪೈಪುಗಳು ಮಾತ್ರ ಅಲ್ಲಾಡಲಿಲ್ಲ. ಏಪ್ರಿಲ್‌ವರೆಗೆ ಒಳಗಿನದೆಲ್ಲ ಬಯಲಲ್ಲೇ ಇತ್ತು.

ಒಳಗೆ ಒಂದು ಪೀಚ್ ಗಿಡ ಉಂಟು. ಫೆಬ್ರವರಿ ಕೊನೆಗೆ ಹೂ ಬಿಡುತ್ತದೆ. ಆ ಚಳಿಗೆ ಜೇನುನೊಣ ಬರುವುದಿಲ್ಲ, ಅದಕ್ಕೆ ನಾನೇ ಮಗನ ಪೈಂಟಿಂಗ್ ಬ್ರಷ್ ತೆಗೆದುಕೊಂಡು ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುತ್ತೇನೆ. ಪೀಚಿಗೆ ಎಲೆ ಮುರುಟು ರೋಗ ಬರುತ್ತದೆ. ಮೊಗ್ಗು ಉಬ್ಬುವ ಹೊತ್ತಿಗೆ ಮಳೆನೀರು ತಾಗಿದರೆ ಆ ಶಿಲೀಂಧ್ರ ಒಳಗೆ ಹೊಕ್ಕುತ್ತದೆ. ಇಷ್ಟು ವರ್ಷ ನಮ್ಮ ಗಿಡದಲ್ಲಿ ಒಂದು ಎಲೆಯೂ ಮುರುಟಿರಲಿಲ್ಲ. ಈ ಸಲ ಪ್ಲಾಸ್ಟಿಕ್ ಇಲ್ಲದ ಆ ತಿಂಗಳುಗಳಲ್ಲಿ ಮಳೆ ಬಿತ್ತು. ಈಗ ಎಲೆಗಳು ದಪ್ಪಗಾಗಿ, ಸುಕ್ಕುಗಟ್ಟಿ, ಕೆಂಪು ಗುಳ್ಳೆ ಎದ್ದು ನಿಂತಿವೆ. ಮುಟ್ಟಿದರೆ ರಬ್ಬರು. ಅದೇ ಗಿಡ, ಅದೇ ಮಣ್ಣು, ಅದೇ ಗೊಬ್ಬರ. ತಪ್ಪಿದ್ದು ಮೇಲಿನ ಮಾಡು ಒಂದೇ. ಕೆಟ್ಟ ಎಲೆ ಎಲ್ಲ ಚಿವುಟಿ ಹಾಕು, ಬೇರೆ ಚಿಗುರು ಬರುತ್ತದೆ ಅಂದರು ಪಕ್ಕದ ಮನೆಯ ಅಜ್ಜ. ಬರುತ್ತಾ ಉಂಟು.

ಗಾಳಿಯಿಂದ ಒಂದು ಉಪಕಾರವೂ ಆಯಿತು ಅನ್ನಬೇಕು. ವರ್ಷಗಟ್ಟಲೆ ಮಳೆ ಬೀಳದ ಮಣ್ಣಿನಲ್ಲಿ ಗೊಬ್ಬರದ ಉಪ್ಪು ಮೇಲೆ ಕೂತಿರುತ್ತದೆ. ಅಲ್ಲಲ್ಲಿ ಬಿಳಿ ಪುಡಿ ಕಾಣುತ್ತಿತ್ತು. ಈ ಸಲ ಅದೆಲ್ಲ ತೊಳೆದು ಹೋಯಿತು.

ಏಪ್ರಿಲಿನಲ್ಲಿ ಹೊಸ ಪ್ಲಾಸ್ಟಿಕ್ ಹಾಕಿದ್ದನ್ನು ತಮ್ಮನಿಗೆ ಬೇಕಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಗಾಳಿ ಇಲ್ಲದ, ಬಿಸಿಲಿರುವ ದಿನವೇ ಆಗಬೇಕು. ಬಿಸಿಲಿಗೆ ಹಾಳೆ ಮೆತ್ತಗಾಗಿ ಹಿಗ್ಗುತ್ತದೆ. ಆಗಲೇ ಎಳೆದು ಕಟ್ಟಿದರೆ ಸಂಜೆ ತಂಪಿಗೆ ತಾನಾಗಿ ಬಿಗಿಯಾಗುತ್ತದೆ. ಮೊದಲು ಪ್ರತಿ ಪೈಪಿನ ಬೆನ್ನಿಗೂ ಬಿಳಿ ಫೋಮ್ ಪಟ್ಟಿ ಅಂಟಿಸಿದೆವು. ಪೈಪು ಬಿಸಿಲಿಗೆ ಕಾದು, ತಾಗಿದಲ್ಲೇ ಪ್ಲಾಸ್ಟಿಕ್ ಸುಟ್ಟಂತಾಗಿ ಹರಿಯುತ್ತದೆ, ಅದಕ್ಕೆ ಈ ಪಟ್ಟಿ. ನಮ್ಮ ಸೋಲಾರಿನದ್ದೂ ಪ್ರತಿಸಲ ಪೈಪಿನ ಮೇಲೇ ತಾನೆ ಹರಿಯುವುದು? ಆಮೇಲೆ ಎರಡೂ ಬದಿ ಒಂದೂವರೆ ಅಡಿ ಆಳದ ಕಣಿ ತೋಡಿ, ಹಾಳೆಯ ಅಂಚನ್ನು ಅದರೊಳಗೆ ಇಳಿಸಿ, ಮಣ್ಣು ಹಾಕಿ ತುಳಿದೆವು. ಒಂದು ಬದಿಯಲ್ಲಿ ಇವರು ಮತ್ತು ಅಜ್ಜ, ಇನ್ನೊಂದು ಬದಿಯಲ್ಲಿ ನಾನು ಮತ್ತು ಅಜ್ಜನ ಮೊಮ್ಮಗಳು. ಒಂದು ಕಡೆಯವರು ತುಳಿಯುವಾಗ ಇನ್ನೊಂದು ಕಡೆಯವರು ಎಳೆದು ಹಿಡಿಯಬೇಕು. ಬಾಗಿಲ ಬದಿಯಲ್ಲಿ ಸೀರೆಯ ನೆರಿಗೆ ಹಿಡಿದು ಹಿಡಿದು ಮರದ ಪಟ್ಟಿ ಹೊಡೆಯಬೇಕು. ಆ ಕೆಲಸ ನನಗೇ ಬಿಟ್ಟರು, ಕೇಳಬೇಕಾ.

ಕೀಟದ ವಿಷಯ. ಮುಚ್ಚಿದ ಜಾಗದಲ್ಲಿ ಹುಳ ಹೊಕ್ಕರೆ ಹೊರಗೆ ಹೋಗುವುದಿಲ್ಲ. ಮಳೆ ಇಲ್ಲ, ತಿನ್ನುವ ಹಕ್ಕಿ ಇಲ್ಲ. ಒಣ ಶಾಖಕ್ಕೆ ಕೆಂಪು ನುಸಿ, ಎಲೆಯಡಿಯಲ್ಲಿ ಬಿಳಿ ನೊಣ. ಇಲ್ಲಿ ಬಿಳಿ ನೊಣಕ್ಕೆ ಅಂಚೆಯಲ್ಲಿ ಒಂದು ರಟ್ಟಿನ ಕಾರ್ಡು ತರಿಸುತ್ತಾರೆ. ಅದರಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಅದನ್ನು ಗಿಡದ ರೆಂಬೆಗೆ ತೂಗು ಹಾಕಿದರೆ ಚುಕ್ಕೆಯೊಳಗಿಂದ ಎನ್ಕಾರ್ಸಿಯಾ ಅನ್ನುವ ಸಣ್ಣ ಕಣಜ ಹೊರಡುತ್ತದೆ. ಬರಿಗಣ್ಣಿಗೆ ಕಂಡೂ ಕಾಣದಷ್ಟು. ಅದು ಹೋಗಿ ಬಿಳಿ ನೊಣದ ಮರಿಗಳೊಳಗೆ ಮೊಟ್ಟೆ ಇಡುತ್ತದೆ, ಆ ಮರಿಗಳೂ ಕಪ್ಪಾಗುತ್ತವೆ. ಎಲೆ ಮಗುಚಿ ನೋಡಿ ಕಪ್ಪು ಜಾಸ್ತಿ ಕಂಡರೆ ನಾವು ಗೆದ್ದ ಹಾಗೆ. ಇದೇ ಎನ್ಕಾರ್ಸಿಯಾದ ಇನ್ನೊಂದು ಜಾತಿ ನಮ್ಮ ತೆಂಗಿನಲ್ಲೇ ಉಂಟು. ತೆಂಗಿಗೆ ಸುರುಳಿ ಬಿಳಿ ನೊಣ ಬಂದಾಗ ಮದ್ದು ಹೊಡೆಯಬೇಡಿ, ಆ ಕಣಜ ಸಾಯುತ್ತದೆ ಅಂತ ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಹೇಳುತ್ತಿರುವುದು ಇದಕ್ಕೇ. ಕಾಸರಗೋಡಿನವರಿಗೆ ಮದ್ದಿನ ವಿಷಯ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 2000ದವರೆಗೆ ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದರ ಫಲ ನಮ್ಮ ಜಿಲ್ಲೆಯ ಎಣ್ಮಕಜೆಯಲ್ಲಿ ಈಗಲೂ ಕಣ್ಣೆದುರು ಉಂಟು. ಮುಚ್ಚಿದ ಮನೆಯೊಳಗೆ ತಮ್ಮ ಮದ್ದಿನ ಪಂಪು ಬೆನ್ನಿಗೆ ಹಾಕಿಕೊಂಡು ಹೋಗುವುದು ನನಗೆ ಸುತಾರಾಂ ಇಷ್ಟ ಇಲ್ಲ.

ಅಮ್ಮ, ಈಗ ನಿನಗೆ. ಸ್ಟ್ರಾಬೆರಿ ಹಣ್ಣಾಗಲು ಶುರುವಾಗಿದೆ, ಹೊರಗಿನದು ಇನ್ನೂ ಹೂವಿನಲ್ಲೇ ಉಂಟು. ಫೆಬ್ರವರಿಯಲ್ಲಿ ಒಳಗೆ ಹಾಕಿದ ಆಲೂಗಡ್ಡೆ ಈ ತಿಂಗಳ ಕೊನೆಗೆ ಕೀಳಬಹುದು. ಮುಳ್ಳುಸೌತೆಗೂ ಮೆಣಸಿಗೂ ಮೋಸ ಇಲ್ಲ. ಬಸಳೆ ಜೂನ್ ಕಳೆದ ಮೇಲೆ ಹಬ್ಬುತ್ತದೆ. ನಿನ್ನ ಚಪ್ಪರದಷ್ಟು ದಪ್ಪ ಎಲೆ ಅಲ್ಲ, ಆದರೂ ವಾರಕ್ಕೊಮ್ಮೆ ಕೊದ್ದೆಲಿಗೆ ಸಾಕಾಗುತ್ತದೆ. ಬೆಂಡೆ ಮಾತ್ರ ರಾತ್ರಿಯ ತಂಪಿಗೆ ಮುಖ ಸಪ್ಪೆ ಮಾಡಿಕೊಂಡು ನಿಲ್ಲುತ್ತದೆ. ಹಾಗಲಬಳ್ಳಿ ಮಾಡಿನವರೆಗೆ ಹತ್ತುತ್ತದೆ, ಬರೀ ಗಂಡು ಹೂವು. ಇಷ್ಟುದ್ದದ ಹಗಲಿಗೆ ಅದು ಹೆಣ್ಣು ಹೂವು ಬಿಡುವುದೇ ತಡ. ಇನ್ನೊಂದು ಮಾತು. ಅಳಸಂಡೆ ಬೀಜ, ಹೀರೆ ಬೀಜ ಅಂತ ಯಾರ ಕೈಯಲ್ಲೂ ಕಳಿಸಬೇಡ. 2019ರ ಡಿಸೆಂಬರಿನಿಂದ ಯುರೋಪಿಗೆ ಬೀಜ, ಗಿಡ ಯಾವುದು ತರಬೇಕಾದರೂ ಸಸ್ಯ ಆರೋಗ್ಯದ ಸರ್ಟಿಫಿಕೇಟು ಬೇಕು. ಅನಾನಸು, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ದುರಿಯನ್ ಈ ಐದು ಹಣ್ಣಿಗೆ ಮಾತ್ರ ಬೇಡವಂತೆ. ಹಾಗಾಗಿ ತೆಂಗಿನಕಾಯಿ ಧಾರಾಳ ಕಳಿಸು.

ಅಪ್ಪ, ಇನ್ನು ನೀವು ಕೇಳಿದ್ದಕ್ಕೆ ಉತ್ತರ. ಆ ಮುಚ್ಚಿದ ಪಾಲಿಹೌಸ್ ಬೇಡ. ಹಗಲು 35 ಡಿಗ್ರಿ ದಾಟಿದರೆ ಟೊಮೆಟೊ ಹೂವು ಕಾಯಿ ಕಚ್ಚದೆ ಉದುರುತ್ತದೆ. ನಮ್ಮ ಮಾರ್ಚ್, ಏಪ್ರಿಲಿನ ಬಿಸಿಲಿಗೆ ಮುಚ್ಚಿದ ಮನೆಯೊಳಗೆ ಎಷ್ಟಾದೀತು ನೀವೇ ಹೇಳಿ. ಅದನ್ನು ತಣಿಸಲು ಫ್ಯಾನು, ಫ್ಯಾನಿಗೆ ಕರೆಂಟು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಅವಸ್ಥೆ ಗೊತ್ತೇ ಉಂಟು. ಸುತ್ತ ಬಲೆ ಹಾಕಿದರೆ ಜೇನುನೊಣವೂ ಬರುವುದಿಲ್ಲ. ಆಗ ಪರಾಗ ಇಲ್ಲದೆ ಕಾಯಿ ಬಿಡುವ ಮುಳ್ಳುಸೌತೆಯ ದುಬಾರಿ ಬೀಜವನ್ನು ಪ್ರತಿಸಲ ಕ್ರಯಕ್ಕೇ ತರಬೇಕು. ನನ್ನ ಟನಲ್‌ಗೆ ಎರಡೂ ಬಾಗಿಲಿನಿಂದ ದುಂಬಿಗಳು ಬಂದು ಹೋಗುತ್ತವೆ, ನನಗೆ ಆ ಖರ್ಚಿಲ್ಲ.

ನಿಮಗೆ ಬೇಕಾದದ್ದು ಬರೀ ಮಾಡು. ಅದು ಅಂಗಳದಲ್ಲೇ ಉಂಟು. ಜೂನಿನಿಂದ ಅಡಿಕೆ ಕೊಯ್ಲಿನವರೆಗೆ ಸೋಲಾರ್ ಖಾಲಿ ಬಿದ್ದಿರುತ್ತದಲ್ಲ? ಕೊಳೆಗೆ ಉದುರಿದ ಅಡಿಕೆ ಹರಡಲು ಒಂದು ಮೂಲೆ ಇಟ್ಟುಕೊಂಡು, ಉಳಿದಲ್ಲಿ ಮಣ್ಣು ತುಂಬಿದ ಗ್ರೋ ಬ್ಯಾಗ್ ಸಾಲಾಗಿ ಇಡಲಿ. ಬದಿಯ ಪ್ಲಾಸ್ಟಿಕ್ ಪೂರ್ತಿ ಮೇಲಕ್ಕೆ ಸುತ್ತಿ ಕಟ್ಟಬೇಕು, ಗಾಳಿ ಆಚೆಯಿಂದ ಈಚೆಗೆ ಹಾಯಬೇಕು. ಅಂಚಿನಿಂದ ಎರಡಡಿ ಬಿಟ್ಟು ಬ್ಯಾಗ್ ಇಡಿ, ಇಲ್ಲವಾದರೆ ಮಾಡಿನ ನೀರು ಬಿದ್ದು ಕೆಸರು ಎಲೆಗೆ ಸಿಡಿಯುತ್ತದೆ. ಮಳೆಗಾಲದಲ್ಲಿ ಮೊದಲೇ ಬೆಳಕು ಕಡಿಮೆ, ಹಸಿರು ಬಲೆ ಹಾಕಬೇಡಿ. ನಮ್ಮ ಮುರಕಲ್ಲಿನ ಮಣ್ಣು ಹುಳಿ, ಹಾಗಾಗಿ ಮಣ್ಣು, ಹಟ್ಟಿಗೊಬ್ಬರ, ತೆಂಗಿನನಾರಿನ ಪುಡಿ ಕಲಸುವಾಗ ಸುಣ್ಣ ಮರೆಯಬಾರದು. ಹೊರಗೆ ಧಾರಾಕಾರ ಸುರಿಯುವಾಗಲೂ ಒಳಗೆ ನೀರು ಹಾಕಬೇಕು. ತಮ್ಮನಿಗೆ ಇದು ತಮಾಷೆ ಅನ್ನಿಸಬಹುದು. ಒಂದು ದಿನ ಒಣಗಿ ಒಂದು ದಿನ ತೇಲಿದರೆ ಟೊಮೆಟೊ ಕಾಯಿಯ ತಳ ಕಪ್ಪಾಗುತ್ತದೆ. ಗುಡ್ಡೆ ಕೊರೆದು ನೀರು ತೆಗೆದ ನಮ್ಮ ಸುರಂಗದ ಪೈಪಿನಿಂದ ಒಂದು ಸಣ್ಣ ಹನಿ ನೀರಾವರಿ ಎಳೆದರೆ ಆಯಿತು, ಪಂಪು ಕೂಡ ಬೇಡ.

ಸೌತೆ, ಹೀರೆ, ಪಡುವಲಕ್ಕೆ ಮಾಡು ಬೇಡ. ಅವು ನಮ್ಮ ಮಳೆ ಕಂಡ ಜಾತಿ, ಗುಡ್ಡೆಯಲ್ಲೇ ಇರಲಿ. ಮಾಡಿನಡಿಗೆ ಟೊಮೆಟೊ, ಹಸಿಮೆಣಸು, ಬದನೆ, ಕೊತ್ತಂಬರಿ, ಹರಿವೆ. ಟೊಮೆಟೊಗೆ ನಮ್ಮಲ್ಲಿ ಮಳೆಗಿಂತ ದೊಡ್ಡ ಶತ್ರು ಸೊರಗು ರೋಗ. ಅದಕ್ಕೆ ಯಾವ ಪ್ಲಾಸ್ಟಿಕ್ಕೂ ಆಗುವುದಿಲ್ಲ, ತಳಿಯೇ ತಡೆಯಬೇಕು. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಅನಘ, ಮೆಣಸಿನಲ್ಲಿ ಉಜ್ವಲ, ಬದನೆಯಲ್ಲಿ ಸೂರ್ಯ, ಇಲ್ಲವಾದರೆ ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಟೊಮೆಟೊ ಅರ್ಕ ರಕ್ಷಕ್. ಪುತ್ತೂರಿನ ಚಿಕ್ಕಮ್ಮನ ಕಡೆಯಿಂದ ಅರ್ಕ ರಕ್ಷಕ್ ಬೀಜ ತರಿಸುವುದು ಸುಲಭ ಆದೀತು.

ಇಷ್ಟು ಮಾಡಿ ನೋಡಿದ ಮೇಲೆ ತಮ್ಮನಿಗೆ ದೊಡ್ಡದು ಮಾಡಬೇಕು ಅನ್ನಿಸಿದರೆ ಕೃಷಿ ಭವನದಲ್ಲಿ ವಿಚಾರಿಸಲಿ. ಕೇರಳದಲ್ಲಿ ಬದಿ ತೆರೆದ ಮಾಡಿಗೇ 'ಮಳಮರ' ಅಂತ ಸಹಾಯಧನದ ಯೋಜನೆ ಉಂಟು. ಅರ್ಜಿ ಮಲಯಾಳದಲ್ಲಿ ಇದ್ದರೆ ಶಾಲೆಯ ಮಾಸ್ಟ್ರ ಹತ್ತಿರ ಓದಿಸಿಕೊಂಡೇ ಸಹಿ ಹಾಕಿ. ಕಂಪೆನಿಯವರಿಗೆ ಈಗಲೇ ಮುಂಗಡ ಕೊಡಬೇಡಿ.

ಪತ್ತನಾಜೆ ಹತ್ತಿರ ಬಂತು, ಇನ್ನು ಮಳೆಗಾಲವೇ, ಸಸಿ ಮಾಡಲು ಇದೇ ಹೊತ್ತು. ಸೋಲಾರಿನ ಉದ್ದ, ಅಗಲ, ಬದಿಯ ಎತ್ತರ ಅಳೆದು ತಮ್ಮ ಇವತ್ತೇ ವಾಟ್ಸಾಪಿನಲ್ಲಿ ಹಾಕಲಿ. ಎಷ್ಟು ಬ್ಯಾಗ್ ಹಿಡಿಯುತ್ತದೆ ಅಂತ ನಾನು ಚಿತ್ರ ಬರೆದು ಕಳಿಸುತ್ತೇನೆ. ಪೈಪಿಗೆ ಸುತ್ತುವ ಪಟ್ಟಿ ಮಂಗಳೂರಿನಲ್ಲಿ ಸಿಗದಿದ್ದರೆ ಹೇಳಿ, ಡಿಸೆಂಬರಿನಲ್ಲಿ ಬರುವಾಗ ತರುತ್ತೇನೆ.

ನಿಮ್ಮ ಮಗಳು